ಹೊಳೆಗೆ ಹೋಗದೆ ಬರೆದ ಅಳತೆ

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅದರಲ್ಲೂ ವಿಜ್ಞಾನ ಪಾಸಾದದ್ದು ಎರಡನೇ ಸಲಕ್ಕೆ. ಆದರೂ ನಂಜನಗೂಡಿನ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷ ಪ್ರಯೋಗಾಲಯದ ಅಟೆಂಡರ್ ಆಗಿದ್ದೆ. ಗಾಜಿನ ಸಾಮಾನು ತೊಳೆಯುವುದು, ಆಸಿಡ್ ಬಾಟಲಿಗೆ ಚೀಟಿ ಅಂಟಿಸುವುದು, ಬೀಗ ಹಾಕುವುದು, ರಿಜಿಸ್ಟರ್ ತುಂಬುವುದು ನನ್ನ ಕೆಲಸ. ಈ ಕೊನೆಯದರಲ್ಲಿ ನನ್ನದು ಪಳಗಿದ ಕೈ. ನೀರಿನ ಟ್ಯಾಂಕು ವಾರಕ್ಕೊಮ್ಮೆ ತೊಳೆದು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ನಾವು ತೊಳೆಯುತ್ತಿದ್ದದ್ದು ದಸರಾ ರಜೆಗೊಮ್ಮೆ, ಬೇಸಗೆ ರಜೆಗೊಮ್ಮೆ. ಇನ್‌ಸ್ಪೆಕ್ಷನ್‌ಗೆ ಸಾಹೇಬರು ಬರುತ್ತಾರೆಂದು ಗೊತ್ತಾದ ದಿನ ಆರು ತಿಂಗಳದ್ದನ್ನು ಒಂದೇ ಮಧ್ಯಾಹ್ನ ಕೂತು ತುಂಬಿಬಿಡುತ್ತಿದ್ದೆ. ಒಂದೇ ದಿನ ಬರೆದದ್ದೆಂದು ಕಾಣಬಾರದೆಂದು ಮೂರು ಪೆನ್ನು ಇಟ್ಟುಕೊಂಡಿದ್ದೆ. ಒಂದು ನೀಲಿ, ಒಂದು ಕಪ್ಪು, ಒಂದು ಇಂಕು ಸರಿಯಾಗಿ ಬಾರದ್ದು. ಒಂದು ಕಡೆ ಕೈ ಅವಸರದಲ್ಲಿ ಬರೆದಂತೆ, ಇನ್ನೊಂದು ಕಡೆ ದುಂಡಗೆ. ಈ ಜಾಣತನಕ್ಕೆ ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದ್ದೂ ಉಂಟು. ಇದನ್ನು ನಾನು ಕಳ್ಳತನ ಎಂದುಕೊಂಡಿರಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಅಟೆಂಡರ್ ಮೊದಲ ದಿನ ಹೇಳಿಕೊಟ್ಟದ್ದೇ ಅದು: ರಿಜಿಸ್ಟರಿನಲ್ಲಿ ಖಾಲಿ ಮನೆ ಬಿಡಬೇಡ, ಖಾಲಿ ಕಂಡರೆ ಪ್ರಶ್ನೆ ಹುಟ್ಟುತ್ತದೆ.

ತೊಂಬತ್ತರ ದಶಕದ ನಡುವೆ ನಮ್ಮ ಶಾಲೆಗೆ ಒಬ್ಬ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಬಂದರು. ಬಂದ ವರ್ಷವೇ ಭಾನುವಾರದ ತರಗತಿ ಶುರು ಮಾಡಿದರು. ಅದಕ್ಕೆ ಸರ್ಕಾರದ ಆದೇಶವಿರಲಿಲ್ಲ, ಪರೀಕ್ಷೆ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಊರಿನ ಬೇರೆ ಬೇರೆ ಶಾಲೆಗಳಿಂದ ಚುರುಕಾದ ಮಕ್ಕಳನ್ನು ಪ್ರತಿ ವರ್ಷ ಆರಿಸಿಕೊಳ್ಳುತ್ತಿದ್ದರು. ಅವರು ಮಕ್ಕಳನ್ನು ಆರಿಸುತ್ತಿದ್ದ ರೀತಿ ವಿಚಿತ್ರವಾಗಿತ್ತು. ತರಗತಿಗೆ ಹೋಗಿ, ನಿಮಗೆ ಗೊತ್ತಿಲ್ಲದ ಒಂದು ವಿಷಯ ಬರೆದುಕೊಡಿ ಎನ್ನುತ್ತಿದ್ದರು. ಉತ್ತರ ಬರೆದವರನ್ನು ಬಿಟ್ಟು ಒಳ್ಳೆಯ ಪ್ರಶ್ನೆ ಬರೆದವರನ್ನು ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಪ್ರಯೋಗಾಲಯದ ಬಾಗಿಲು ತೆಗೆಯಬೇಕು, ಒಂದು ಗಂಟೆಗೆ ಮುಚ್ಚಬೇಕು. ಮೊದಮೊದಲು ಗೊಣಗುತ್ತಿದ್ದೆ. ಆಮೇಲೆ ನನಗೇ ರುಚಿ ಹತ್ತಿತು. ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೇಳುತ್ತಾ ಕೂರುತ್ತಿದ್ದೆ.

ನಾಲ್ಕನೇ ವರ್ಷದ ಹದಿನೇಳು ಮಕ್ಕಳಲ್ಲಿ ಒಂದು ಹುಡುಗಿ ಬರೆದ ಪ್ರಶ್ನೆ ಹೀಗಿತ್ತು: ಸೋಮವಾರ ಇಷ್ಟು ಜನ ಮಿಂದ ಮೇಲೆ ಹೊಳೆ ಮತ್ತೆ ತಿಳಿಯಾಗುವುದಕ್ಕೆ ಎಷ್ಟು ಹೊತ್ತು ಬೇಕು?

ಅವಳು ಒಂಬತ್ತನೇ ತರಗತಿ. ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ. ತಾಯಿ ದೇವಸ್ಥಾನದ ಸ್ನಾನಘಟ್ಟಕ್ಕೆ ಇಳಿಯುವ ದಾರಿಯಲ್ಲಿ ಹಣ್ಣುಕಾಯಿ, ಹೂವು ಮಾರುತ್ತಿದ್ದಳು. ಹುಡುಗಿ ಶಾಲೆಗೆ ಮುಂಚೆಯೂ ಶಾಲೆ ಬಿಟ್ಟ ಮೇಲೂ ತಾಯಿಯ ಜೊತೆ ಅಲ್ಲೇ ಕೂರುವಳು. ನೂರಾರು ಜನ ನೀರಿಗಿಳಿದು ಎದ್ದು ಹೋಗುವುದನ್ನು ನೋಡಿ ನೋಡಿ ಅವಳ ತಲೆಗೆ ಬಂದ ಪ್ರಶ್ನೆ ಅದು. ಮೇಷ್ಟ್ರು ಆ ಚೀಟಿಯನ್ನು ಎರಡು ಸಲ ಓದಿ, ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ, ನೀನೇ ಕಂಡುಹಿಡಿದು ಹೇಳಬೇಕು ಎಂದರು.

ಅದಕ್ಕೆ ಸಲಕರಣೆ ಮಾಡಿಕೊಟ್ಟವನು ನಾನೇ. ಒಂದು ಬಿಳಿಯ ಎನಾಮಲ್ ತಟ್ಟೆಯ ಅಂಚಿಗೆ ಮೂರು ತೂತು ಕೊರೆದು, ತಕ್ಕಡಿಯ ತಟ್ಟೆಯಂತೆ ಹಗ್ಗ ಕಟ್ಟಿ, ಕೆಳಗೆ ಭಾರಕ್ಕೆ ಒಂದು ಕಲ್ಲು ಬಿಗಿದೆ. ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದರಂತೆ ಗಂಟು. ಕೊನೆಯ ಮೆಟ್ಟಿಲಿನಿಂದ ತಟ್ಟೆಯನ್ನು ನೀರಿಗೆ ಬಿಡುತ್ತಾ ಹೋಗಬೇಕು. ಯಾವ ಆಳದಲ್ಲಿ ಅದು ಕಣ್ಣಿಗೆ ಮರೆಯಾಗುತ್ತದೋ ಅದೇ ಆ ಹೊತ್ತಿನ ಅಳತೆ. ನೀರು ತಿಳಿಯಾದಷ್ಟೂ ಅಳತೆ ದೊಡ್ಡದು. ದಿನಕ್ಕೆ ಎರಡು ಸಲ, ಜನ ಬರುವ ಮೊದಲು ಬೆಳಿಗ್ಗೆ, ಜನ ಹೋದ ಮೇಲೆ ಸಂಜೆ. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಮೂರು ತಿಂಗಳು.

ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಜಿಲ್ಲೆಯ ಆಯ್ಕೆ ಇತ್ತು. ಅಲ್ಲಿ ಆಯ್ಕೆಯಾದ ಮಕ್ಕಳಿಗೆ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ವಿಜ್ಞಾನ ಶಿಬಿರ. ಶಿಬಿರ ಮುಗಿಸಿ ಬಂದವರನ್ನು ಆ ಕಾರ್ಯಕ್ರಮದವರು ಅಲ್ಲಿಗೇ ಕೈಬಿಡುತ್ತಿರಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಹಾಸ್ಟೆಲ್, ಪುಸ್ತಕ ಎಲ್ಲ ನೋಡಿಕೊಳ್ಳುತ್ತಿದ್ದರು. ಈ ಹುಡುಗಿಯ ಮಟ್ಟಿಗೆ ಅದೊಂದೇ ಬಾಗಿಲು. ತಿ. ನರಸೀಪುರದ ಕಡೆ ಅವಳ ಸೋದರಮಾವನಿದ್ದ. ಮಗಳು ಹುಟ್ಟಿದಾಗಲೇ ಅವನಿಗೆಂದು ಮಾತಾಗಿತ್ತು. ಮೇಷ್ಟ್ರು ಅವಳ ಮನೆಗೆ ಹೋಗಿ ಕೂತು ಮಾತನಾಡಿದಾಗ ತಂದೆ, ಆಯ್ಕೆಯಾದರೆ ಓದಲಿ ಸಾ, ಇಲ್ಲದಿದ್ದರೆ ಹತ್ತಕ್ಕೇ ಸಾಕು ಎಂದಿದ್ದ. ಮೇಷ್ಟ್ರು ಅದನ್ನು ಗೆದ್ದು ಬಂದವರಂತೆ ನನಗೆ ಹೇಳಿದ್ದರು.

ಆ ಭಾನುವಾರಗಳಲ್ಲಿ ಮೇಷ್ಟ್ರು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತೊಂದಿತ್ತು. ನೋಡದಿದ್ದರೆ ಖಾಲಿ ಬಿಡಿ. ತಪ್ಪು ನೋಡಿದ್ದರೂ ಪರವಾಗಿಲ್ಲ, ನೋಡಿದ್ದನ್ನೇ ಬರೆಯಿರಿ. ಬೇರೆಯವರು ನೋಡಿದ್ದರೆ ಅವರ ಹೆಸರು ಬರೆಯಿರಿ. ನಾನು ಸ್ಟೂಲಿನ ಮೇಲೆ ಕೂತು ಮನಸ್ಸಿನಲ್ಲೇ ನಗುತ್ತಿದ್ದೆ. ಈ ಮನುಷ್ಯ ಯಾವತ್ತೂ ಇನ್‌ಸ್ಪೆಕ್ಷನ್ ಕಂಡವನಲ್ಲ ಎಂದುಕೊಳ್ಳುತ್ತಿದ್ದೆ.

ತೊಡಕು ಬಂದದ್ದು ಮೊದಲ ತಿಂಗಳಲ್ಲೇ. ಹುಡುಗಿ ದೊಡ್ಡವಳಾಗಿ ವರ್ಷವಾಗಿತ್ತು. ತಿಂಗಳಿಗೆ ನಾಲ್ಕು ದಿನ ಅವಳು ಮನೆಯಲ್ಲಿ ಆಚೆ ಕೂರಬೇಕು. ದೇವಸ್ಥಾನದ ಹೊಳೆಯ ಮೆಟ್ಟಿಲಿಗೆ ಆ ದಿನಗಳಲ್ಲಿ ಇಳಿಯುವ ಹಾಗಿಲ್ಲ. ತಾಯಿ ದೇವರಿಗೆ ಹೋಗುವ ಹೂವು ಮಾರುವವಳು, ಅವಳಂತೂ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಇದನ್ನು ಗಂಡಸು ಮೇಷ್ಟ್ರ ಹತ್ತಿರ ಹೇಗೆ ಹೇಳುವುದು? ನಮ್ಮ ಮನೆ ಛತ್ರದ ಹಿಂದಿನ ಓಣಿಯಲ್ಲಿ, ಹೊಳೆಗೆ ಐದು ನಿಮಿಷದ ದಾರಿ. ಹುಡುಗಿ ನನ್ನ ಹೆಂಡತಿಯ ಹತ್ತಿರ ಬಂದು ಹೇಳಿಕೊಂಡಳು. ನನ್ನ ಹೆಂಡತಿ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ ನನಗೆ ಹೇಳಿದಳು. ಆ ನಾಲ್ಕು ದಿನ ನಾನು ಅಳತೆ ತೆಗೆದು ಚೀಟಿಯಲ್ಲಿ ಬರೆದಿಡುವುದು, ಐದನೇ ದಿನ ಹುಡುಗಿ ಬಂದು ತನ್ನ ನೋಟ್‌ಬುಕ್ಕಿಗೆ ಬರೆದುಕೊಳ್ಳುವುದು ಎಂದು ಮಾತಾಯಿತು.

ಮೊದಲ ಸಲ ಚೀಟಿ ನೋಡಿ ಬರೆದುಕೊಳ್ಳುವಾಗ ಅವಳು ಆ ನಾಲ್ಕು ದಿನಗಳ ಮುಂದೆ ನಕ್ಷತ್ರ ಹಾಕಹೊರಟಳು. ಕೆಳಗೆ ನನ್ನ ಹೆಸರು ಬರೆಯುವುದು ಅವಳ ಯೋಚನೆ. ಬೇಡ ಎಂದೆ.

"ನಕ್ಷತ್ರ ಹಾಕುದ್ರೆ ಯಾಕೆ ಅಂತ ಕೇಳ್ತಾರೆ ಕೂಸೇ. ನೀನು ಯಾಕೆ ಬರ್ನಿಲ್ಲ ಅಂತ ಕೇಳ್ತಾರೆ. ಏನಂತ ಹೇಳೀಯೆ? ನೀನೇ ತಗೊಂಡಂಗೆ ಬರ್ದುಬುಡು."

ಅವಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತಳು. ಆಮೇಲೆ ಹಾಕಿದ್ದ ಒಂದು ನಕ್ಷತ್ರವನ್ನೂ ರಬ್ಬರಿನಲ್ಲಿ ಅಳಿಸಿದಳು.

ಆ ತಿಂಗಳು ನಾನು ನಿಯತ್ತಾಗಿ ಹೋದೆ. ಚಳಿಗೆ ಮಫ್ಲರ್ ಸುತ್ತಿಕೊಂಡು ಬೆಳಿಗ್ಗೆ ಆರೂವರೆಗೆ ಮೆಟ್ಟಿಲ ಮೇಲೆ ನಿಂತು ತಟ್ಟೆ ಬಿಡುತ್ತಿದ್ದೆ. ಮೀಯಲು ಬಂದವರು, ಏನು ಅಟೆಂಡ್ರೇ, ಕಪಿಲೆಗೆ ಊಟ ಬಡಿಸ್ತಿದ್ದೀರಾ ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ತಟ್ಟೆ ಮಸುಕಾಗುತ್ತಾ ಹೋಗಿ, ಇದೆಯೋ ಇಲ್ಲವೋ ಎಂಬಂತಾಗಿ, ಇಲ್ಲವಾಗುವ ಆ ಒಂದು ಗಳಿಗೆ ನನಗೆ ಬಹಳ ಇಷ್ಟವಾಗುತ್ತಿತ್ತು. ಒಬ್ಬ ಕೆಲಸದವನು ಮಾಡುವ ಕೆಲಸವಲ್ಲ ಇದು, ಓದಿದವರ ಕೆಲಸ ಎನ್ನಿಸುತ್ತಿತ್ತು. ಇಪ್ಪತ್ತು, ಇಪ್ಪತ್ತೆರಡು ಇದ್ದದ್ದು ಮಳೆ ಹಿಂದೆ ಸರಿದ ಹಾಗೆ ನಲವತ್ತಾಯಿತು, ಅಕ್ಟೋಬರಿನಲ್ಲಿ ಐವತ್ತು ದಾಟಿತು. ಎರಡನೇ ತಿಂಗಳೂ ನಾನು ಎರಡು ಮೂರು ಸಂಜೆ ಬಿಟ್ಟರೆ ಉಳಿದಂತೆ ಹೋದೆ. ಬಿಟ್ಟ ಸಂಜೆಗಳಿಗೆ ಹಿಂದಿನ ದಿನದ್ದನ್ನೇ ನೋಡಿ ಒಂದು ಹೆಚ್ಚು, ಒಂದು ಕಮ್ಮಿ ಬರೆದೆ. ಅದು ಏನೂ ಅನ್ನಿಸಲಿಲ್ಲ.

ನವೆಂಬರಿನ ಮೊದಲ ವಾರ ಶಾಲೆಯಲ್ಲಿ ರಾಜ್ಯೋತ್ಸವದ ಸಮಾರಂಭ ನಡೆಯಿತು. ಅದರಲ್ಲೇ ಭಾನುವಾರದ ತರಗತಿಯ ಮಕ್ಕಳ ಕೆಲಸಗಳನ್ನೂ ಮೇಜಿನ ಮೇಲೆ ಜೋಡಿಸಿ ತೋರಿಸಿದರು. ಮೇಷ್ಟ್ರು ಮೈಕಿನ ಮುಂದೆ ನಿಂತು ಸಹಾಯ ಮಾಡಿದವರನ್ನೆಲ್ಲ ನೆನೆದರು. ಹೆಡ್‌ಮಾಸ್ತರರು, ಬ್ಯಾಟರಿ ಕೊಟ್ಟ ಅಂಗಡಿಯವರು, ಬಲ್ಬು ಕೊಟ್ಟವರು, ಕಾರ್ಡ್‌ಬೋರ್ಡ್ ಕೊಟ್ಟ ಪ್ರೆಸ್ಸಿನವರು. ಒಬ್ಬೊಬ್ಬರನ್ನೂ ಮೇಲೆ ಕರೆದು ಹಾರ ಹಾಕಿಸಿದರು. ನಾನು ಕೂದಲು ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವೇದಿಕೆಯ ಮೆಟ್ಟಿಲ ಹತ್ತಿರವೇ ನಿಂತಿದ್ದೆ. ಕೊನೆಗೆ ಮೇಷ್ಟ್ರು ನನ್ನ ಕಡೆ ತಿರುಗಿದರು. ಎರಡು ಕುರ್ಚಿ ಕಮ್ಮಿಯಾಗಿದೆ, ಸ್ಟಾಫ್ ರೂಮಿನಿಂದ ತನ್ನಿ ಎಂದರು.

ತಂದು ಹಾಕಿದೆ. ಅವರು ಬೇಕೆಂದು ಹಾಗೆ ಮಾಡಿದವರಲ್ಲ, ಮರೆತದ್ದು ಎಂದು ಇವತ್ತು ನನಗೆ ಗೊತ್ತು. ಅವತ್ತು ಮಾತ್ರ ನಾಲ್ಕು ವರ್ಷದ ಭಾನುವಾರಗಳನ್ನು ಯಾರೋ ನನ್ನ ಕೈಯಿಂದ ಕಿತ್ತುಕೊಂಡ ಹಾಗಾಯಿತು. ಅಷ್ಟು ಹತ್ತಿರ ಕೂರಿಸಿಕೊಂಡು ಕೊನೆಗೆ ಕುರ್ಚಿ ಹೊರುವವನ ಜಾಗಕ್ಕೇ ನೂಕಿದರಲ್ಲ, ಮೋಸ ಮಾಡಿದರಲ್ಲ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಆ ಸಿಟ್ಟನ್ನು ಮೇಷ್ಟ್ರ ಮೇಲೆ ತೀರಿಸುವುದಕ್ಕೆ ನನಗೆ ದಾರಿ ಇರಲಿಲ್ಲ.

ಅದಾಗಿ ಎರಡು ವಾರಕ್ಕೆ ಹುಡುಗಿ ಮತ್ತೆ ಆಚೆ ಕೂತಳು. ನಾನು ಆ ನಾಲ್ಕು ದಿನ ಹೊಳೆಗೆ ಹೋಗಲೇ ಇಲ್ಲ. ನಾಲ್ಕನೇ ದಿನ ಸಂಜೆ ಚಾಪೆಯ ಮೇಲೆ ಕೂತು, ಹಳೆಯ ಚೀಟಿಗಳನ್ನು ಮುಂದಿಟ್ಟುಕೊಂಡು ಎಂಟು ಅಳತೆ ಬರೆದೆ. ಅರವತ್ತೆರಡು, ಅರವತ್ತು, ಅರವತ್ತಮೂರು, ಹೀಗೆ. ಪೆನ್ನನ್ನೂ ಬದಲಾಯಿಸಿದೆ. ನನ್ನ ಹೆಂಡತಿ ಒಲೆಯ ಮುಂದಿನಿಂದ ನೋಡಿದಳು.

"ಆ ಮಗು ನಂಬ್ಕಂಡದೆ," ಎಂದಳು.

ಮೇಷ್ಟ್ರ ತಟ್ಟೆಯನ್ನು ಮೇಷ್ಟ್ರೇ ಬಿಡಲಿ ಎಂದೆ.

ಐದನೇ ದಿನ ಹುಡುಗಿ ತಲೆಗೆ ನೀರು ಹಾಕಿಕೊಂಡು ಕೂದಲು ಒಣಗುವ ಮೊದಲೇ ಬಂದಳು. ಚೀಟಿ ಓದಿ ನಿಂತಲ್ಲೇ ನಿಂತಳು.

"ಅಣ್ಣ, ಬುಧವಾರ ಒಳೆ ಕೆಂಪಗಿತ್ತು ಅಂದ್ಲು ನಮ್ಮವ್ವ. ಮೇಲೆಲ್ಲೋ ಮಳೆ ಆಯ್ತಂತೆ. ನೀವು ಅರವತ್ತೆರಡು ಬರ್ದಿದ್ದೀರಿ."

ಆಗಲೂ ಒಪ್ಪಿಕೊಳ್ಳಬಹುದಿತ್ತು. ಹೋಗಲಿಲ್ಲ ಕಣವ್ವ, ಖಾಲಿ ಬಿಟ್ಟುಬಿಡು ಎಂದಿದ್ದರೆ ಮುಗಿಯುತ್ತಿತ್ತು. ನಾಲ್ಕು ದಿನ ಖಾಲಿ ಇದ್ದ ಮಾತ್ರಕ್ಕೆ ಆ ನೋಟ್‌ಬುಕ್ಕಿಗೆ ಏನೂ ಆಗುತ್ತಿರಲಿಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗಿ ನನ್ನನ್ನು ಪ್ರಶ್ನೆ ಕೇಳಿದಳೆಂದು ನನಗೆ ಕಸಿವಿಸಿಯಾಯಿತು.

"ನಿಮ್ಮವ್ವ ದಡದಾಗೆ ಕುಂತು ನೋಡದು. ನಾನು ತಟ್ಟೆ ಬುಟ್ಟು ನೋಡಿವ್ನಿ. ಕಣ್ಣಂದಾಜು ಬೇರೆ, ಅಳತೆ ಬೇರೆ ಅಂತ ನಿಮ್ಮ ಮೇಷ್ಟ್ರೇ ಹೇಳಿಲ್ವಾ?"

"ಅವ್ವ ನಿಮ್ಮ ಕಾಣ್ನಿಲ್ವಂತೆ."

"ಓಣೀಲಿ ಇಳುದು ಹಿಂದ್ಗಡೆಯಿಂದ ಹೋದೆ. ಅವಳು ಗಿರಾಕಿ ನೋಡ್ತಾಳಾ, ನನ್ನ ನೋಡ್ತಾಳಾ?"

ಅವಳು ತಲೆಯಾಡಿಸಿ ಬರೆದುಕೊಂಡಳು. ಆ ಸಂಜೆ ತಾನೇ ಹೋಗಿ ತಟ್ಟೆ ಬಿಟ್ಟರೆ ಮೂವತ್ತೆಂಟು ಬಂತು. ಮರುದಿನ ನನ್ನ ಹತ್ತಿರ ಬಂದು, ಒಂದೇ ದಿನಕ್ಕೆ ಇಷ್ಟು ಯಾಕೆ ಇಳಿಯಿತು ಎಂದು ಕೇಳಿದಳು. ಎಮ್ಮೆ ಮೈ ತೊಳೆದಿರುತ್ತಾರೆ ಎಂದೆ. ಅದನ್ನೂ ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಳು.

ಡಿಸೆಂಬರಿನಲ್ಲಿ ಮೇಷ್ಟ್ರು, ಮೂರು ಮಕ್ಕಳು, ಸಾಮಾನು ಹೊರಲು ನಾನು, ಐದು ಜನ ಬಸ್ಸಿನಲ್ಲಿ ಮೈಸೂರಿಗೆ ಹೋದೆವು. ಒಂದು ಕಾಲೇಜಿನ ಹಾಲ್. ಮಕ್ಕಳು ತಮ್ಮ ತಮ್ಮ ಮೇಜಿನ ಹಿಂದೆ ನಿಂತಿದ್ದರು. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗನ ದೊಡ್ಡ ಅಣೆಕಟ್ಟಿನ ಮಾದರಿ ಇತ್ತು, ಮೋಟಾರು ಹಾಕಿದರೆ ಗೇಟು ತೆರೆದು ನೀರು ಹರಿಯುವಂಥದ್ದು. ಅವನ ತಂದೆಯೇ ಮೊಣಕಾಲೂರಿ ವೈರು ಸರಿಮಾಡುತ್ತಿದ್ದರು. ನಮ್ಮ ಹುಡುಗಿಯ ಮೇಜಿನ ಮೇಲೆ ಒಂದು ತಟ್ಟೆ, ಒಂದು ಹಗ್ಗ, ಒಂದು ನೋಟ್‌ಬುಕ್ಕು, ಗ್ರಾಫ್ ಹಾಳೆ. ಅವಳ ಜಡೆಗೆ ತಾಯಿ ಎರಡು ಮೊಳ ಮಲ್ಲಿಗೆ ಮುಡಿಸಿ ಕಳಿಸಿದ್ದಳು.

ತೀರ್ಪುಗಾರರು ಮೂವರು, ಮೂವರೂ ಗಂಡಸರು. ಅವರಲ್ಲೊಬ್ಬರು ನಂಜನಗೂಡಿನವರೇ, ಮೈಸೂರಿನಲ್ಲಿ ಲೆಕ್ಚರರ್. ಅವರಿಗೆ ನಮ್ಮ ಹುಡುಗಿಯ ಕೆಲಸ ಬಹಳ ಹಿಡಿಸಿತು. ಸೋಮವಾರದ ಜನ ಕದಡಿದ ನೀರು ಮಂಗಳವಾರ ಬೆಳಿಗ್ಗೆಗೆ ತಿಳಿಯಾಗುತ್ತದೆ, ಹುಣ್ಣಿಮೆಯ ಜನ ಕದಡಿದ್ದಕ್ಕೆ ಇನ್ನೊಂದು ದಿನ ಬೇಕು ಎಂದು ಅವಳು ಗ್ರಾಫಿನಲ್ಲಿ ಬೆರಳಿಟ್ಟು ತೋರಿಸುತ್ತಿದ್ದಳು. ಉಳಿದಿಬ್ಬರನ್ನೂ ಅವರೇ ಕರೆದು ನಿಲ್ಲಿಸಿಕೊಂಡರು. ಮೇಷ್ಟ್ರ ಮುಖ ಅರಳಿತ್ತು. ಲೆಕ್ಚರರ್ ನೋಟ್‌ಬುಕ್ಕಿನ ಹಾಳೆ ತಿರುವುತ್ತಾ ತಿರುವುತ್ತಾ ಒಂದು ಕಡೆ ನಿಂತರು.

"ಈ ಬುಧವಾರ ಬೆಳಿಗ್ಗೆ ಅರವತ್ತೆರಡು ಅಂತಿದೆಯಲ್ಲಮ್ಮ."

"ಹೂಂ ಸಾರ್."

"ಅವತ್ತು ನಮ್ಮ ತಂದೆ ತಿಥಿ. ಇದೇ ಮೆಟ್ಟಿಲ ಮೇಲೆ ಮುಳುಗಿ ಎದ್ದಿದ್ದೀನಿ. ನನ್ನ ಬಿಳಿ ಪಂಚೆ ಕೆಂಪಾಗಿದ್ದು ಇನ್ನೂ ಬಿಟ್ಟಿಲ್ಲ. ಎರಡು ಬೆರಳಿನ ಆಳಕ್ಕೂ ಏನೂ ಕಾಣ್ತಿರಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇದನ್ನ ನೀನೇ ಅಳೆದೆಯಾ?"

ಹುಡುಗಿ ನನ್ನ ಕಡೆ ನೋಡಿದಳು.

ನಾನು ಅವಳಿಂದ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳು ನನ್ನ ಹೆಸರು ಹೇಳಬಹುದಿತ್ತು. ಹೇಳಿದರೆ, ಆ ನಾಲ್ಕು ದಿನ ನೀನೇಕೆ ಹೋಗಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ ಅಷ್ಟು ಗಂಡಸರ ಮುಂದೆ ಬಾಯಿ ಬಿಡಬೇಕಾಗುತ್ತಿತ್ತು. ಅಲ್ಲದೆ ಅರ್ಜಿಯ ಕೆಳಗೆ, ಎಲ್ಲ ಅಳತೆಗಳನ್ನೂ ನಾನೇ ತೆಗೆದಿದ್ದೇನೆ ಎಂದು ಸಹಿ ಹಾಕಿದ್ದಳು. ಅಷ್ಟನ್ನೂ ಅವಳು ಯೋಚಿಸಿದಳೆಂದು ಕಾಣುತ್ತದೆ. ಯೋಚಿಸುವಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು. ನಾನು ಹಗ್ಗವನ್ನು ಕೈಗೆ ತೆಗೆದುಕೊಂಡು ಸುತ್ತತೊಡಗಿದೆ.

"ನಾನೇ ಅಳೆದದ್ದು ಸಾರ್," ಎಂದಳು.

ಅವರು ನೋಟ್‌ಬುಕ್ಕನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ವಾಪಸು ಕೊಟ್ಟರು. ಹಾಗಾದರೆ ಉಳಿದದ್ದನ್ನೂ ನಾವು ನಂಬುವ ಹಾಗಿಲ್ಲವಲ್ಲಮ್ಮ ಎಂದು ಮುಂದಿನ ಮೇಜಿಗೆ ಹೋದರು. ಮುಂದಿನ ಮೇಜು ಅಣೆಕಟ್ಟಿನದು. ಬೆಂಗಳೂರಿನ ಶಿಬಿರಕ್ಕೆ ಆಯ್ಕೆಯಾದದ್ದು ಆ ಹುಡುಗ.

ಕೆಲಸ ಹೋಗುತ್ತದೆಂದು ಹೆದರಿ ಸುಮ್ಮನಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವಲ್ಲ. ಭಾನುವಾರದ ತರಗತಿಯ ಒಂದು ಚೀಟಿಗೆ ಯಾರೂ ಯಾರನ್ನೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ನನ್ನ ಸಣ್ಣತನ ಮೇಷ್ಟ್ರಿಗೆ ತಿಳಿಯುತ್ತದಲ್ಲ ಎಂಬುದೊಂದೇ ನನ್ನ ನಾಲಿಗೆ ಕಟ್ಟಿದ್ದು.

ವಾಪಸು ಬಸ್ಸು ಹತ್ತಿದೆವು. ತಾಂಡವಪುರ ದಾಟಿದ ಮೇಲೆ ಮೇಷ್ಟ್ರು ಎದ್ದು ಬಂದು ಹುಡುಗಿಯ ಪಕ್ಕದಲ್ಲಿ ಕಂಬಿ ಹಿಡಿದು ನಿಂತರು.

"ತಪ್ಪು ಅಳತೆ ತಂದಿದ್ರೆ ನಂಗೇನೂ ಬೇಜಾರಿರಲಿಲ್ಲ. ನೋಡದೇ ಬರೆದ್ಯಲ್ಲಮ್ಮ, ನೀನು."

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಅವರ ಹಿಂದಿನ ಸೀಟಿನಲ್ಲಿ ಕೂತಿದ್ದೆ, ತಟ್ಟೆ ನನ್ನ ತೊಡೆಯ ಮೇಲಿತ್ತು.

ಮುಂದಿನ ಭಾನುವಾರ ಮೇಷ್ಟ್ರು ಉಳಿದ ಮಕ್ಕಳ ಮುಂದೆ ಈ ವಿಷಯ ಹೇಳಿದರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ, ಅವಳ ಜಾಗ ಖಾಲಿ ಇತ್ತು. ಆಮೇಲೆ ಅವರಿಗೆ ಮೊದಲಿನ ಹುರುಪು ಬರಲಿಲ್ಲ. ಮಕ್ಕಳು ಏನು ತೋರಿಸಿದರೂ ನಿಜವಾಗಿ ನೋಡಿದೆಯಾ ಎಂದು ಕೇಳತೊಡಗಿದರು. ಅದಕ್ಕೆ ಮೊದಲು ಅವರು ಹಾಗೆ ಕೇಳಿದವರೇ ಅಲ್ಲ. ಮುಂದಿನ ವರ್ಷ ಭಾನುವಾರದ ತರಗತಿ ನಿಂತೇಹೋಯಿತು. ಹುಡುಗಿ ಹತ್ತನೇ ತರಗತಿ ಪಾಸಾದಳು, ಒಳ್ಳೆಯ ಅಂಕವೇ ಬಂದಿತ್ತು. ತಂದೆ ತನ್ನ ಮಾತಿನಂತೆ ನಡೆದುಕೊಂಡ. ಹದಿನೆಂಟು ತುಂಬುವುದನ್ನು ಕಾದು ಸೋದರಮಾವನಿಗೆ ಮದುವೆ ಮಾಡಿಕೊಟ್ಟರು.

ನನ್ನ ಹೆಂಡತಿ ಆಮೇಲೆ ದೇವಸ್ಥಾನಕ್ಕೆ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಳು. ಹೂವನ್ನು ಬೇರೆ ಕಡೆ ಕೊಳ್ಳುತ್ತಿದ್ದಳು. ನಾನು ಮಾತ್ರ ಅಣೆಕಟ್ಟಿನ ಹುಡುಗನನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವನದ್ದು ಪೂರಾ ಅಪ್ಪ ಮಾಡಿದ್ದು, ಇವಳದ್ದರಲ್ಲಿ ಎಂಟೇ ಅಳತೆ ಸುಳ್ಳು. ಲೋಕವೇ ಹೀಗಿರುವಾಗ ನಾನೊಬ್ಬನೇ ಏನು ಎಂದು ವರ್ಷಗಟ್ಟಲೆ ಈ ವಾದ ಹೂಡಿದೆ. ಮನೆಯಲ್ಲಿ ಒಂದು ಸಲ ಜೋರಾಗಿಯೇ ಹೂಡಿದೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದಳು.

"ಅವನಪ್ಪ ಅವನ ಕೈ ಬುಡ್ನಿಲ್ಲ. ನೀವು ಇವಳ ಕೈ ಬುಟ್ರಿ."

ಮೇಷ್ಟ್ರು ನಂಜನಗೂಡಿನಲ್ಲೇ ಮನೆ ಕಟ್ಟಿಸಿ, ನಿವೃತ್ತರಾಗಿ, ಅಲ್ಲೇ ಇದ್ದರು. ನಾನೂ ನಿವೃತ್ತನಾದೆ. ಬೆಳಿಗ್ಗೆ ಹಾಲಿಗೆ ಹೋಗುವಾಗ ಎದುರಾಗುತ್ತಿದ್ದರು, ನಿಂತು ಮಾತನಾಡಿಸುತ್ತಿದ್ದರು. ಅವರಿಗೆ ಕಾಯಿಲೆ ಬಂದ ಮೇಲೆ ಎರಡು ಸಲ ಅವರ ಮನೆಗೆ ಹೋದೆ. ಎರಡು ಸಲವೂ ಹೇಳಬೇಕೆಂದೇ ಹೋದವನು. ಎರಡನೇ ಸಲ ಅವರೇ ಆ ಮಾತೆತ್ತಿದರು. ನಮ್ಮ ಭಾನುವಾರದ ಮಕ್ಕಳಲ್ಲಿ ಎಲ್ಲರಿಗಿಂತ ಬುದ್ಧಿವಂತೆ ಆ ಹೂವಿನವಳ ಮಗಳೇ, ಅವಳು ಯಾಕೆ ಹಾಗೆ ಮಾಡಿದಳೋ ನನಗೆ ಇವತ್ತಿಗೂ ಅರ್ಥವಾಗಿಲ್ಲ ಎಂದರು. ಬಾಗಿಲು ತೆರೆದುಕೊಟ್ಟ ಹಾಗಿತ್ತು. ನಾನು, ಮಕ್ಕಳ ಬುದ್ಧಿ ಸಾ, ಬಿಡಿ ಎಂದು ಎದ್ದು ಬಂದೆ. ತಿಂಗಳೊಳಗೆ ಅವರು ತೀರಿಕೊಂಡರು. ನಾನೂ ಅವರಿಗೆ ಹೆಗಲು ಕೊಟ್ಟೆ.

ಅದಾದ ಮೇಲೆ ನನಗೆ ತಡೆಯಲಾಗಲಿಲ್ಲ. ಎಂಟು ತಿಂಗಳು ಕಳೆದು, ಅವಳ ತಾಯಿಯನ್ನೇ ಕೇಳಿ ಊರು ತಿಳಿದುಕೊಂಡು, ನರಸೀಪುರದ ಬಸ್ಸು ಹತ್ತಿದೆ. ಅಲ್ಲಿಂದ ಸೋಮನಾಥಪುರದ ಕಡೆಗೆ ಇನ್ನೊಂದು ಬಸ್ಸು. ಊರಿಗೆ ಇಳಿದಾಗ ಸಂಜೆ ಹಾಲು ಹಾಕುವ ಹೊತ್ತು. ಹೆಂಗಸರೇ ನಡೆಸುವ ಡೈರಿ ಅದು. ಅವಳು ಅಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆಂದು ದಾರಿಯಲ್ಲಿ ಯಾರೋ ಹೇಳಿದರು. ಹೋಗಿ ಸಾಲಿನ ಪಕ್ಕದಲ್ಲಿ ನಿಂತೆ. ಗಾಜಿನ ಕೊಳವೆಯಲ್ಲಿ ಹಾಲು ಸುರಿದು, ಅದರಲ್ಲಿ ಮಾಪಕ ತೇಲಿಬಿಟ್ಟು, ಬಾಗಿ ಡಿಗ್ರಿ ನೋಡುತ್ತಿದ್ದಳು. ಒಬ್ಬಳು ಅಜ್ಜಿಯ ಹಾಲು ತೆಳ್ಳಗಿತ್ತು.

"ನಮ್ಮ ಅಸ ನೀರು ಜಾಸ್ತಿ ಕುಡೀತದೆ ಕಣವ್ವ, ನಾನೇನ್ ಮಾಡ್ಲಿ," ಎಂದಳು ಅಜ್ಜಿ.

"ಅಸ ಕುಡುದ್ರೆ ತೊಂದ್ರಿಲ್ಲ ಅಜ್ಜಿ, ಕ್ಯಾನ್ ಕುಡೀಬಾರ್ದು."

ಸಾಲೆಲ್ಲ ನಕ್ಕಿತು. ಅವಳು ಮಾತ್ರ ನಗದೆ ಪುಸ್ತಕದಲ್ಲಿ ಬರೆದುಕೊಂಡಳು. ತಲೆ ಎತ್ತಿದಾಗ ನನ್ನನ್ನು ಕಂಡಳು. ಗುರುತು ಹಿಡಿಯಲು ಹೊತ್ತು ಹಿಡಿಯಲಿಲ್ಲ. ಅಣ್ಣ ಎಂದು ಕರೆದು, ಕುರ್ಚಿ ಹಾಕಿಸಿ, ಸಾಲು ಮುಗಿಯಲಿ ಎಂದಳು. ಮುಗಿಯುವವರೆಗೂ ಕಾದೆ. ಮುಗಿದ ಮೇಲೆ, ಅವಳು ಕೊಳವೆ ತೊಳೆಯುತ್ತಿರುವಾಗ, ಎಲ್ಲವನ್ನೂ ಹೇಳಿದೆ. ಕುರ್ಚಿಯ ಸಿಟ್ಟು, ಚಾಪೆಯ ಮೇಲೆ ಕೂತು ಬರೆದದ್ದು, ಎಮ್ಮೆಯ ಸುಳ್ಳು.

"ನಂಗೊತ್ತು," ಎಂದಳು.

ಯಾವಾಗಿನಿಂದ ಎಂದು ಕೇಳಿದೆ.

"ಆ ಸಾರು ಪಂಚೆ ವಿಷ್ಯ ಏಳ್ತಿದ್ದಂಗೇ ನಿಮ್ಮ ಮಕ ನೋಡ್ದೆ. ನೀವು ಹಗ್ಗ ಸುತ್ತುತ್ತಾ ಇದ್ರಿ." ಕೊಳವೆಯನ್ನು ಬಟ್ಟೆಯಿಂದ ಒರೆಸಿ ಇಟ್ಟಳು. "ಶಿಬಿರ ಹೋಯ್ತು ಅಂತ ಅತ್ತಿದ್ದು ಒಂದ್ ವಾರ ಅಷ್ಟೇ. ನಮ್ಮವ್ವ ಕಣ್ಣಾರೆ ಕಂಡು ಕೆಂಪಗೈತೆ ಅಂದ್ಲು. ಅವಳಿಗೆ ಓದು ಬರಲ್ಲ, ನೀವು ಅಳತೆ ತಗೊಂಡೋರು ಅಂತ ನಿಮ್ಮ ಮಾತ ನಂಬ್ದೆ. ಅದು ಇನ್ನೂ ಹೋಗಿಲ್ಲ."

ಮಾಪಕವನ್ನು ಡಬ್ಬಿಗೆ ಹಾಕುತ್ತಾ ಅವಳೇ ಕೇಳಿದಳು.

"ಮೇಷ್ಟ್ರಿಗೆ ಏಳುದ್ರಾ?"

ಮೇಷ್ಟ್ರು ಹೋಗಿ ಎಂಟು ತಿಂಗಳಾಯಿತು ಎಂದೆ. ಅವಳಿಗೆ ಗೊತ್ತಿರಲಿಲ್ಲ. ಕ್ಯಾನಿನ ಮೇಲೆ ಕೈಯೂರಿ ನಿಂತಳು.

"ಇಷ್ಟು ವರ್ಸ ಒಂದೇ ಊರಲ್ಲಿದ್ರಿ."

"ಹೂಂ."

"ಅವರು ನನ್ನ ಸುಳ್ಳಿ ಅಂತ ತಿಳ್ಕಂಡೇ ಹೋದ್ರು."

ನಾನು ಕೈಮುಗಿದೆ. ಅವಳು ಹಿಂದೆ ಸರಿದಳು.

"ನಂಗೆ ಕೈ ಮುಗೀಬೇಡಿ ಅಣ್ಣ. ನಂಗೊತ್ತಿರೋದ್ನ ನಂಗೇ ಏಳಕ್ಕೆ ಎರಡು ಬಸ್ಸತ್ತಿ ಬಂದ್ರಾ? ಗೊತ್ತಿಲ್ದೋರು ಭಾನ್ವಾರ ನನ್ನ ಜೊತೇಲಿ ಓದ್ದೋರು. ಅವ್ರಿಗೆ ಏಳಿ."

ಬಸ್ಸಿನ ಹೊತ್ತಾಯಿತು, ಇದು ತಪ್ಪಿದರೆ ಇನ್ನಿಲ್ಲ ಎಂದು ಅವಳೇ ನೆನಪಿಸಿ ಕಳಿಸಿದಳು. ಕಾಫಿ ಕುಡಿದು ಹೋಗಿ ಎಂದು ಹೇಳಲಿಲ್ಲ. ಹೇಳಿದ್ದರೆ ನನಗೆ ಕುಡಿಯಲೂ ಆಗುತ್ತಿರಲಿಲ್ಲ.

ಉಳಿದ ಹದಿನಾರು ಜನರನ್ನು ಹುಡುಕತೊಡಗಿದೆ. ನಾಲ್ವರು ಸಿಕ್ಕಿದರು. ಮೊದಲನೆಯವನಿಗೆ ಊರಿನಲ್ಲೇ ಔಷಧದಂಗಡಿ ಇದೆ. ಹಳೇದು ಬಿಡಿ ಅಣ್ಣ ಎಂದು ನನ್ನ ಕೈಗೆ ಕೆಮ್ಮಿನ ಔಷಧ ಕೊಟ್ಟು ಕಳಿಸಿದ. ಇನ್ನಿಬ್ಬರಿಗೆ ಆ ಹುಡುಗಿಯ ಮುಖವೇ ಸರಿಯಾಗಿ ನೆನಪಿರಲಿಲ್ಲ, ಸುಳ್ಳು ಬರೆದು ಸಿಕ್ಕಿಬಿದ್ದವಳು ಎಂಬುದಷ್ಟೇ ನೆನಪಿತ್ತು. ನಾಲ್ಕನೆಯವನು ತಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ಈಗ ವಿಜ್ಞಾನದ ಮೇಷ್ಟ್ರು. ನನ್ನನ್ನು ತನ್ನ ಪ್ರಯೋಗಾಲಯದಲ್ಲೇ ಕೂರಿಸಿಕೊಂಡು ಪೂರ್ತಿ ಕೇಳಿದ. ಆಮೇಲೆ ಹೇಳಿದ.

"ಪ್ರತಿ ವರ್ಷ ಜೂನ್‌ನಲ್ಲಿ ಮೊದಲ ಕ್ಲಾಸಲ್ಲಿ ಆ ಹುಡುಗಿ ಕಥೇನೇ ಹೇಳ್ತೀನಿ ಅಣ್ಣ. ನೋಡದೇ ಬರೆದ್ರೆ ಏನಾಗುತ್ತೆ ಅಂತ. ಹೊಳೆ, ತಟ್ಟೆ, ಪಂಚೆ ಎಲ್ಲಾ ಹೇಳ್ತೀನಿ. ಎಷ್ಟು ವರ್ಷದ ಮಕ್ಕಳು ಕೇಳಿಕೊಂಡು ಹೋದ್ರೋ."

ಬರುವ ಜೂನ್‌ನಿಂದ ಸರಿಯಾಗಿ ಹೇಳುತ್ತೇನೆ ಎಂದ. ಹಳೆಯ ಮಕ್ಕಳು ಎಲ್ಲೆಲ್ಲಿ ಹೋದರೋ ಅವನಿಗೂ ತಿಳಿಯದು. ಅವರನ್ನು ಮನೆ ಮನೆಗೆ ಹೋಗಿ ಹುಡುಕುವ ಕಾಲು ನನಗಿಲ್ಲ. ಅದಕ್ಕೇ ಇದನ್ನು ಬರೆದು ಕಳಿಸುತ್ತಿದ್ದೇನೆ. ಆ ಕಥೆ ಕೇಳಿ ಬೆಳೆದವರು ಯಾರಾದರೂ ಇದನ್ನು ಓದಿದರೆ, ಅದರಲ್ಲಿ ಹುಡುಗಿ ಇರುವ ಕಡೆ ನನ್ನನ್ನು ನಿಲ್ಲಿಸಿಕೊಳ್ಳಲಿ. ಆ ಬುಧವಾರ ನಾನು ಹೊಳೆಗೆ ಹೋಗಲಿಲ್ಲ, ಅದರ ಅಳತೆಯನ್ನು ಮನೆಯಲ್ಲಿ ಚಾಪೆಯ ಮೇಲೆ ಕೂತು ಬರೆದೆ. ಹೊಳೆ ಕೆಂಪಗಿತ್ತು. ಅವಳ ತಾಯಿ ಅದನ್ನು ನೋಡಿದ್ದಳು, ನೋಡಿದ್ದನ್ನು ಹೇಳಿದ್ದಳು.